ಮ್ಯಾನೇಜರನ ನಿಜವಾದ ವಯಸ್ಸು

ಮಾರ್ಚ್ 3, ಸೋಮವಾರ

ಅಂಗಡಿಗೆ ಬರುವ ಪ್ರತಿ ಹಳೆಯ ಯಂತ್ರಕ್ಕೂ ನಾನು ಒಂದು ಪುಟ ಇಡುತ್ತೇನೆ. ಯಾವ ಸದ್ದು, ಎಲ್ಲಿ ಸೋರಿಕೆ, ಎಷ್ಟು ಹೊತ್ತಿಗೊಮ್ಮೆ, ಎಲ್ಲ ಅದರಲ್ಲಿರುತ್ತದೆ. ಇಪ್ಪತ್ತಾರು ವರ್ಷದಿಂದ ಹಳೆ ವಾಷಿಂಗ್ ಮಷೀನು, ಹಳೆ ಫ್ರಿಜ್ಜು ಮಾರುತ್ತಿದ್ದೇನೆ. ನನ್ನ ನೆನಪಿಗೆ ಬಣ್ಣ ಬಳಿಯುವ ಚಟ ಇದೆ ಎಂದು ಮೊದಲ ವರ್ಷವೇ ಗೊತ್ತಾಯಿತು, ಅದಕ್ಕೇ ಈ ನೋಟ್‌ಬುಕ್ಕು. ಇವತ್ತು ನಾಯಿಗೂ ಒಂದು ಪುಟ ತೆರೆದಿದ್ದೇನೆ.

ಬೆಳಿಗ್ಗೆ ಏಳೂಕಾಲಿಗೆ ವಾಂತಿ. ಹಳದಿ ನೊರೆ, ಅಂಗೈಯಷ್ಟು. ಹತ್ತು ಗಂಟೆಗೆ ಇನ್ನೊಂದು. ತಿಂದ ಅನ್ನ ತಿಂದ ಹಾಗೇ ಹೊರಗೆ ಬಂತು. ಆಮೇಲೆ ಏನೂ ಆಗದವರಂತೆ ಹೋಗಿ ಬಾಗಿಲ ಪಕ್ಕದ ತನ್ನ ಜಾಗದಲ್ಲಿ ಕೂತಿತು.

ಅದಕ್ಕೆ ಮ್ಯಾನೇಜರ್ ಅಂತ ಹೆಸರಿಟ್ಟವನು ನಮ್ಮ ಮೆಕ್ಯಾನಿಕ್. "ಕೆಲಸ ಮಾಡಲ್ಲ, ಎಲ್ಲರ ಮೇಲೂ ಕಣ್ಣು, ಮಧ್ಯಾಹ್ನ ನಿದ್ದೆ. ಇನ್ನೇನಂತ ಕರೀಬೇಕು ಅಮ್ಮಾ?" ಅಂದಿದ್ದ. ಮನೆ ಖಾಲಿ ಮಾಡುತ್ತಿದ್ದ ಯಾರದೋ ಫ್ರಿಜ್ ತರಲು ಹೋದಾಗ ಅದರ ಜೊತೆ ಬಂದ ಮರಿ ಇದು. ಆ ಫ್ರಿಜ್ ಮೂರನೇ ವಾರಕ್ಕೇ ಹೋಯಿತು. ನಾಯಿ ಉಳಿಯಿತು.

ಒಂದು ಸಲ ಕೇಳಿ ನಿಂತುಹೋದ ಸದ್ದಿಗೆಲ್ಲ ನಾನು ಯಂತ್ರ ಬಿಚ್ಚಿಸುವುದಿಲ್ಲ. ನೋಡೋಣ.

ಮಾರ್ಚ್ 4, ಮಂಗಳವಾರ

ಮೂರು ಸಲ. ಅದರಲ್ಲಿ ಒಂದು ಸಲ ಗಿರಾಕಿಗಳ ಮುಂದೆ.

ಹೊಸದಾಗಿ ಮದುವೆಯಾದ ಜೋಡಿ. ಮಷೀನಿನ ಡ್ರಮ್ಮಿಗೆ ಕೈ ಹಾಕಿ ತಿರುಗಿಸಿ, "ನೋಡಿ, ಮದುವೆಯಾಗಿ ಆರು ತಿಂಗಳಲ್ಲಿ ಗಂಡ ಹೆಂಡತಿ ಸದ್ದು ಮಾಡ್ತಾರೆ, ಇದು ಆರು ವರ್ಷ ಆದ್ರೂ ಮಾಡಲ್ಲ" ಎನ್ನುತ್ತಿದ್ದೆ. ಹುಡುಗಿ ನಗಲಿಲ್ಲ.

"ಆಂಟೀ, ನಿಮ್ಮ ನಾಯಿ ವಾಂತಿ ಮಾಡ್ತಿದೆ."

"ಹುಲ್ಲು ತಿಂದಿದೆ ಕಣಮ್ಮಾ. ಹೊಟ್ಟೆ ಕ್ಲೀನ್ ಮಾಡ್ಕೊಳ್ತಿದೆ. ನಮಗಿಂತ ಬುದ್ಧಿ ಇದೆ ಅವಕ್ಕೆ."

ಈ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಒಂದು ಗರಿಕೆ ಹುಲ್ಲಿಲ್ಲ. ಆದರೂ ಬಾಯಿ ತಾನಾಗಿಯೇ ಹೇಳಿಬಿಟ್ಟಿತು. ಮಷೀನು ತಗೊಂಡು ಹೋದರು.

ಮಾರ್ಚ್ 6, ಗುರುವಾರ

ಬೆಳಿಗ್ಗೆ ಒಂದು ಸಲ. ನಿನ್ನೆ ಇರಲಿಲ್ಲ.

ಮೆಕ್ಯಾನಿಕ್ ಬೆಲ್ಟ್ ಬಿಗಿಮಾಡುತ್ತಾ, ತಲೆ ಎತ್ತದೆ, "ಅಮ್ಮಾ, ಇವನು ತುಂಬಾ ನೀರು ಕುಡೀತಿದಾನೆ" ಅಂದ. ಅವನು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅದರಲ್ಲಿ ಐದು ಖರ್ಚು ಮಾಡಿದ್ದಾನೆ.

"ಬಿಸಿಲು ಕಣಯ್ಯಾ."

"ನಾನೂ ಬಿಸಿಲಲ್ಲೇ ಇದೀನಿ. ಮೂರು ಬಟ್ಟಲು ಕುಡಿದಿಲ್ಲ."

ಸಂಜೆ ತಂಗಿಯ ಫೋನು. ತಿಂಗಳಿಗೊಮ್ಮೆ ಮಾಡುತ್ತಾಳೆ. ಬೇಕೆನಿಸಿಯೋ, ಲೆಕ್ಕಕ್ಕೋ ನನಗೆ ಗೊತ್ತಿಲ್ಲ, ಕೇಳಿಯೂ ಇಲ್ಲ. "ಹೇಗಿದೀಯ ಅಕ್ಕಾ?" ಅಂದಳು. ಫಸ್ಟ್ ಕ್ಲಾಸ್ ಅಂದೆ. "ಮ್ಯಾನೇಜರು?" ಅದೂ ಫಸ್ಟ್ ಕ್ಲಾಸ್. "ಊಟ ಆಯ್ತಾ?" ಆಯ್ತು, ಪಕ್ಕದ ಮನೆಯವರು ಬಂದಿದ್ದರು, ಎಲ್ಲರೂ ಒಟ್ಟಿಗೆ ಕೂತು ಮಾಡಿದೆವು ಅಂದೆ. ಪಕ್ಕದ ಮನೆ ಖಾಲಿ ಬಿದ್ದು ಎರಡು ವರ್ಷ. ಒಂದೂವರೆ ನಿಮಿಷದಲ್ಲಿ ಮಾತು ಮುಗಿಯಿತು. ಇಡೀ ದಿನ ಬಾಯಿ ಬಡಿದುಕೊಳ್ಳುವ ಹೆಂಗಸು ನಾನು, ತಂಗಿಯ ಹತ್ತಿರ ಮಾತ್ರ ಸರಕು ಇರುವುದಿಲ್ಲ.

ಮಾರ್ಚ್ 8, ಶನಿವಾರ

ನಾಲ್ಕು ಸಲ. ಈಗ ಬರೀ ನೀರು. ಕುಡಿದ ಹತ್ತು ನಿಮಿಷಕ್ಕೆ ವಾಪಸ್.

ಸೋರುವ ಮಷೀನು ಬಂದರೆ ನಾನು ಮೊದಲು ಮಾಡುವ ಕೆಲಸ ನೀರಿನ ನಲ್ಲಿ ಮುಚ್ಚುವುದು. ಒಂದು ದಿನ ಒಣಗಿಸಿ, ಆಮೇಲೆ ನೋಡುವುದು. ಬಟ್ಟಲು ತೆಗೆದು ಕಪಾಟಿನ ಮೇಲಿಟ್ಟೆ. ವಾಂತಿ ನಿಂತಿತು.

ಮೂರು ಗಂಟೆಗೆ ಹಿಂದಿನ ಕೋಣೆಗೆ ಹೋದಾಗ ಅದು ಟೆಸ್ಟಿಗಿಟ್ಟ ಮಷೀನಿನ ಕೆಳಗೆ ಸೋರಿದ ಸೋಪಿನ ನೀರನ್ನು ನೆಕ್ಕುತ್ತಿತ್ತು. ನನ್ನನ್ನು ಕಂಡು ನಿಲ್ಲಿಸಿತು. ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿಕೊಂಡಿತು.

ಬಟ್ಟಲು ವಾಪಸ್ ಇಟ್ಟೆ.

ಮಾರ್ಚ್ 11, ಮಂಗಳವಾರ

ಭಾನುವಾರ ಎರಡು, ಸೋಮವಾರ ಎರಡು, ಇವತ್ತು ಮಧ್ಯಾಹ್ನದೊಳಗೆ ಎರಡು. ಎತ್ತಿಕೊಂಡಾಗ ಹಗುರ ಅನ್ನಿಸಿತು. ಭಾರದ ವಿಷಯದಲ್ಲಿ ನನ್ನ ಕೈ ತಪ್ಪುವುದಿಲ್ಲ. ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಎರಡು ಬೀದಿ ದಾಟಿದರೆ ಅವರ ಕ್ಲಿನಿಕ್ಕು. ವಯಸ್ಸು ಮೂವತ್ತೈದರ ಆಸುಪಾಸು, ಕೂದಲು ಗಂಟು ಹಾಕಿ ಅದಕ್ಕೇ ಪೆನ್ನು ಸಿಕ್ಕಿಸಿಕೊಂಡಿರುತ್ತಾರೆ.

"ವಯಸ್ಸೆಷ್ಟು?"

"ಎಂಟು."

"ವಾಂತಿ ಯಾವಾಗಿಂದ?"

"ಒಂದೆರಡು ದಿನ ಆಯ್ತು ಅಷ್ಟೇ."

"ದಿನಕ್ಕೆ ಎಷ್ಟು ಸಲ?"

"ಒಂದು. ಹೆಚ್ಚಂದ್ರೆ ಎರಡು. ಊಟ ಚೆನ್ನಾಗಿ ಮಾಡುತ್ತೆ ಡಾಕ್ಟ್ರೇ. ಓಡಾಟ ಎಲ್ಲ ಸರಿಯಾಗಿದೆ. ಇವತ್ತಿನವರೆಗೂ ಒಂದು ದಿನ ತೊಂದರೆ ಕೊಟ್ಟಿಲ್ಲ. ಒಬ್ಬರೇ ಸಾಕಿರೋದು, ಕೈ ಬದಲಾಗಿಲ್ಲ."

"ನೀರು ಜಾಸ್ತಿ ಕುಡಿಯುತ್ತಾ?"

"ನಾರ್ಮಲ್."

ಹೊರಗೆ ಬಂದ ಮೇಲೆ ಗೊತ್ತಾಯಿತು. ನಾನು ಅಲ್ಲಿ ನಾಯಿಯನ್ನು ಮಾರುತ್ತಿದ್ದೆ. ಹನ್ನೆರಡು ದಾಟಿದ್ದನ್ನು ಎಂಟು ಮಾಡಿದೆ, ಒಂಬತ್ತು ದಿನವನ್ನು ಎರಡು ಮಾಡಿದೆ. ಯಾರಾದರೂ "ಎಷ್ಟು ವರ್ಷದ್ದು, ಏನು ತೊಂದರೆ" ಎಂದು ಕೇಳಿದರೆ ನನ್ನ ಬಾಯಿ ಬೇರೆ ಉತ್ತರ ಕೊಡುವುದೇ ಇಲ್ಲ. ಅದು ಟೇಬಲ್ಲಿನ ಮೇಲೆ ಕಾಲು ನಡುಗಿಸುತ್ತಾ ನಿಂತಿತ್ತು. ನಾನು ಪಕ್ಕದಲ್ಲಿ ನಿಂತು ಮೈ ಒರೆಸಿ ಹೊಳಪು ಕೊಡುತ್ತಿದ್ದೆ.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು, ಹಲ್ಲು ನೋಡಿದರು. ಹಲ್ಲು ನೋಡುವಾಗ ನನ್ನ ಮುಖವನ್ನೂ ಒಂದು ಸಲ ನೋಡಿದರು. ರಕ್ತ ಪರೀಕ್ಷೆ ಮಾಡೋಣ ಅಂದರು. ಅಷ್ಟೆಲ್ಲ ಬೇಡ, ಹೊಟ್ಟೆ ಕೆಟ್ಟಿದೆ ಅಷ್ಟೇ ಅಂದೆ. ವಾಂತಿ ನಿಲ್ಲುವ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಸ್ವಲ್ಪವೇ ಅನ್ನ, ಬೇಯಿಸಿದ ಕೋಳಿ, ದಿನಕ್ಕೆ ನಾಲ್ಕೈದು ಸಲ. ನೀರು ಯಾವಾಗಲೂ ಮುಂದಿರಲಿ ಅಂದರು.

"ಕೇಳಿಸ್ಕೊಳ್ಳಿ. ಎಂಟು ವರ್ಷ, ಎರಡು ದಿನ ಅಂತ ನೀವು ಹೇಳಿದ್ದಕ್ಕೆ ಮನೆಗೆ ಕಳಿಸ್ತಿದೀನಿ. ಮತ್ತೆ ವಾಂತಿ ಆದ್ರೆ, ನೀರು ಹೊಟ್ಟೇಲಿ ನಿಲ್ಲದಿದ್ರೆ, ಮಂಕಾದ್ರೆ, ರಕ್ತಾನೋ ಕಾಫಿಪುಡಿ ಬಣ್ಣವೋ ಕಂಡ್ರೆ ಕಾಯ್ಬೇಡಿ. ವಯಸ್ಸಾದ ನಾಯಿಗಳಿಗೆ ತಡೆಯೋ ಶಕ್ತಿ ಇರಲ್ಲ."

"ಇದಕ್ಕಿನ್ನೂ ವಯಸ್ಸಾಗಿಲ್ಲವಲ್ಲ" ಅಂದೆ. ನಗುತ್ತಾ ಬೇರೆ ಅಂದೆ.

ಮಾರ್ಚ್ 13, ಗುರುವಾರ

ಇಲ್ಲ. ನಿನ್ನೆಯೂ ಇಲ್ಲ.

ಮಾರ್ಚ್ 14, ಶುಕ್ರವಾರ

ಇವತ್ತೂ ಇಲ್ಲ. ಬಾಗಿಲಲ್ಲಿ ಕೂತು ಹಾಲಿನವನಿಗೆ ಎರಡು ಸಲ ಬೊಗಳಿತು. ಹಾಲಿನವನಿಗೇ ಖುಷಿಯಾಯಿತು.

ನನ್ನ ಅಂಗಡಿಯಲ್ಲಿ ರಿಪೇರಿಯಾದ ಯಾವ ಮಷೀನೂ ಫುಲ್ ಲೋಡ್ ಹಾಕಿ ನೋಡದೆ ಹೊರಗೆ ಹೋಗುವುದಿಲ್ಲ. ಅರ್ಧ ಲೋಡಿಗೆ ಎಲ್ಲವೂ ಓಡುತ್ತವೆ. ಐದು ದಪ್ಪ ಬೆಡ್‌ಶೀಟು ನೆನೆಸಿ ತುಂಬಿ ಓಡಿಸಿದಾಗ ಮಾತ್ರ ಅದರ ಯೋಗ್ಯತೆ ಗೊತ್ತಾಗುವುದು.

ಸಂಜೆ ಅದಕ್ಕೆ ಹಳೆಯ ಅಳತೆಯಲ್ಲೇ ದೊಡ್ಡ ಬಟ್ಟಲು ತುಂಬಾ ಅನ್ನ, ಕೋಳಿ ಹಾಕಿದೆ. ಮೆಕ್ಯಾನಿಕ್ ಮನೆಗೆ ಹೊರಟವನು ನಿಂತು ನೋಡಿದ. "ಸ್ವಲ್ಪ ಸ್ವಲ್ಪ ಅಂದಿದ್ರಲ್ಲ ಡಾಕ್ಟ್ರು?"

"ಸರಿಹೋಯ್ತೋ ಇಲ್ವೋ ಗೊತ್ತಾಗ್ಬೇಡ್ವೇನೋ?"

"ಅದು ಮಷೀನಲ್ಲ ಅಮ್ಮಾ."

ಮ್ಯಾನೇಜರ್ ಬಟ್ಟಲನ್ನೂ ನನ್ನನ್ನೂ ನೋಡಿತು. ಹಸಿವಿರಲಿಲ್ಲ ಅನ್ನಿಸುತ್ತದೆ. ನಾನು ಮುಂದೆ ಕೂತಿದ್ದೆ, ನಾನು ಇಟ್ಟದ್ದು. ಪೂರ್ತಿ ತಿಂದಿತು.

ಮಾರ್ಚ್ 15, ಶನಿವಾರ

ಬೆಳಿಗ್ಗೆ ಆರರಿಂದ ಏಳರೊಳಗೆ ಐದು ಸಲ. ಕೊನೆಯ ಎರಡು ಕಾಫಿಪುಡಿಯ ಬಣ್ಣ. ಕಾಲು ನಿಲ್ಲಲಿಲ್ಲ. ಡ್ರಮ್ ಸಾಗಿಸುವ ಟ್ರಾಲಿಯಲ್ಲಿ ಹಾಸಿಗೆ ಹಾಸಿ ತಳ್ಳಿಕೊಂಡು ಓಡಿದೆ. ಈ ನೋಟ್‌ಬುಕ್ಕೂ ಕೈಯಲ್ಲಿತ್ತು, ಯಾಕೆ ಹಿಡಿದುಕೊಂಡೆನೋ ಗೊತ್ತಿಲ್ಲ.

ಡಾಕ್ಟರಮ್ಮ ಆಗಷ್ಟೇ ಬಾಗಿಲು ತೆಗೆಯುತ್ತಿದ್ದರು. ಒಸಡು ಒತ್ತಿ ನೋಡಿದರು, ಕುತ್ತಿಗೆಯ ಚರ್ಮ ಹಿಡಿದೆತ್ತಿ ಬಿಟ್ಟರು. ಅದು ಎತ್ತಿದ ಹಾಗೇ ನಿಂತಿತು.

"ಎರಡೇ ದಿನ ಅಂದಿದ್ರಿ."

ಬಾಯಿ ತೆರೆದೆ. "ಇಂಜೆಕ್ಷನ್ ಕೊಟ್ಟ ಮೇಲೆ ಪೂರ್ತಿ ಸರಿಯಾಗಿತ್ತು ಡಾಕ್ಟ್ರೇ, ನಿನ್ನೆ ಸಂಜೆ ತನಕ ಒಂದೇ ಒಂದು..." ಎಂದು ಮತ್ತೆ ಶುರುಮಾಡಿಬಿಟ್ಟಿದ್ದೆ. ಮ್ಯಾನೇಜರ್ ಟೇಬಲ್ಲಿನ ಮೇಲೆ ಮಲಗಿದ್ದ. ಅವನ ಕಣ್ಣು ನನ್ನ ಮೇಲಿತ್ತು. ಬೇರೆ ಎಲ್ಲಿಯೂ ನೋಡುತ್ತಿರಲಿಲ್ಲ.

"ಹನ್ನೆರಡು ವರ್ಷ" ಅಂದೆ. "ಮುಗಿದು ಹದಿಮೂರು ನಡೀತಿದೆ. ವಾಂತಿ ಮೂರನೇ ತಾರೀಕಿಂದ."

"ಎಂಟು ಅಂದ್ರಲ್ಲ?"

"ಅಭ್ಯಾಸ."

ಅವರಿಗೆ ಅರ್ಥವಾಗಲಿಲ್ಲ. ವಿವರಿಸಲು ಹೊತ್ತೂ ಇರಲಿಲ್ಲ. "ಬರೆದಿಟ್ಟಿದೀನಿ" ಎಂದು ನೋಟ್‌ಬುಕ್ ಚಾಚಿದೆ. ಅವರ ಎರಡೂ ಕೈ ಸೂಜಿಯ ಕೆಲಸದಲ್ಲಿದ್ದವು. "ನೀವೇ ಓದಿ" ಅಂದರು.

ಓದಿದೆ. ಏಳೂಕಾಲು, ಹಳದಿ ನೊರೆ. ಹತ್ತು ಗಂಟೆ, ಅನ್ನ. ಯಾರಿಗೂ ಏನನ್ನೂ ಹೀಗೆ ಬೋಳು ಬೋಳಾಗಿ ಹೇಳಿದ್ದು ನೆನಪಿಲ್ಲ ನನಗೆ. ಎಂಟನೇ ತಾರೀಕಿಗೆ ಬಂದೆ. "ಬಟ್ಟಲು ತೆಗೆದು ಕಪಾಟಿನ ಮೇಲಿಟ್ಟೆ" ಎಂದು ನಿಂತುಬಿಟ್ಟೆ.

"ಮುಂದೆ ಓದಿ."

ಸೋಪಿನ ನೀರನ್ನೂ ಓದಿದೆ. ಫುಲ್ ಲೋಡನ್ನೂ ಓದಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನಾಲ್ಕು ಮಾತು ವಾದ ಮಾಡಿ ಹಗುರವಾಗುತ್ತಿದ್ದೆ.

ರಕ್ತದ ವರದಿ ಬಂತು. ಕಿಡ್ನಿ. ಕೆಲವು ದಿನದ್ದಲ್ಲ, ತಿಂಗಳುಗಟ್ಟಲೆ ಒಳಗೇ ಕೆಡುತ್ತಾ ಬಂದದ್ದು. ಅದರ ಮೇಲೆ ನೀರಿಲ್ಲದೆ ಈಗ ಪೂರ್ತಿ ಕುಸಿದಿದೆ. ಮೂರು ದಿನ ಡ್ರಿಪ್ ಹಾಕಿ ನೋಡಬೇಕು. ಏಳಬಹುದು, ಏಳದಿರಬಹುದು.

"ಮೊದಲ ಸಲವೇ ನಿಜ ಹೇಳಿದ್ರೆ?" ಅಂತ ಕೇಳಿದೆ.

ಪೆನ್ನನ್ನು ಕೂದಲಿಗೆ ಸಿಕ್ಕಿಸಿಕೊಂಡರು. "ನಾಲ್ಕು ದಿನ ಮುಂಚೆ ಡ್ರಿಪ್ ಶುರುವಾಗ್ತಿತ್ತು" ಅಂದರು. ಅಷ್ಟೇ ಅಂದರು.

ದಾಖಲಾತಿಯ ಹಾಳೆಯಲ್ಲಿ ನಾನು ಸಿಗದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂದು ಬರೆಯುವ ಜಾಗ ಇತ್ತು. ನಾಳೆ ತುಂಬುತ್ತೇನೆ ಅಂದೆ.

ಮಾರ್ಚ್ 16, ಭಾನುವಾರ

ಅರ್ಧ ಗಂಟೆ ನೋಡಲು ಬಿಟ್ಟರು. ಮುಂಗಾಲಿಗೆ ಪಟ್ಟಿ, ಅದರೊಳಗೆ ನಳಿಕೆ. ನನ್ನ ಕೈ ಮೂಸಿದ. ಬಾಲದ ತುದಿ ಒಂದು ಇಂಚು ಆಡಿತು.

ಮಾತಾಡಿಸಿ, ಅವನಿಗೆ ಒಳ್ಳೆಯದು ಅಂದಳು ನರ್ಸು. ಏನು ಮಾತಾಡಲಿ? ಇಷ್ಟು ವರ್ಷ ಅವನ ಎದುರಿಗೆ ಊರಿನವರ ಹತ್ತಿರವೆಲ್ಲ ಮಾತಾಡಿದ್ದೇನೆ. ಅವನ ಹತ್ತಿರ "ಬಾ", "ಕೂತ್ಕೋ", "ಆ ಕಡೆ ಹೋಗು" ಇಷ್ಟೇ. ಕೊನೆಗೆ ಅಂಗಡಿಯಲ್ಲಿ ಯಾವ್ಯಾವ ಮಷೀನು ಉಳಿದಿವೆ ಎಂದು ಒಂದೊಂದಾಗಿ ಹೇಳಿದೆ. ಯಾವುದಕ್ಕೆ ನಿಜವಾಗಿ ಎಷ್ಟು ವರ್ಷ ಎನ್ನುವುದನ್ನೂ ಹೇಳಿದೆ. ಕಿವಿ ನನ್ನ ಕಡೆಗೇ ಇತ್ತು.

ಹೊರಡುವಾಗ ನರ್ಸು ಆ ಹಾಳೆ ಹಿಡಿದು ಬಂದಳು. "ಇದೊಂದು ಖಾಲಿ ಇದೆ ಅಮ್ಮಾ. ಮನೇಲಿ ಇನ್ಯಾರಿದಾರೆ?"

"ಯಾರೂ ಇಲ್ಲ."

"ಹಂಗಂತ ಬಿಡೋಕಾಗಲ್ಲ. ಯಾರದಾದ್ರೂ ಕೊಡಿ."

ತಂಗಿಯ ನಂಬರ್ ಕೊಟ್ಟೆ. ಬಾಯಿಪಾಠ ಬಂತು, ನನಗೇ ಆಶ್ಚರ್ಯ.

ಕೊಟ್ಟ ಮೇಲೆ ಅವಳಿಗೆ ತಿಳಿಸಬೇಕಲ್ಲ. ಗೊತ್ತಿಲ್ಲದವರು ಫೋನ್ ಮಾಡಿ ನಿಮ್ಮ ನಾಯಿ ಅಂದರೆ ಗಾಬರಿಯಾದಾಳು. ಅಂಗಡಿಗೆ ಬಂದು ಶಟರ್ ಅರ್ಧ ಎಳೆದು ಫೋನ್ ಮಾಡಿದೆ.

"ಏನಾಯ್ತು ಅಕ್ಕಾ?" ಅಂತಲೇ ಎತ್ತಿದಳು. ನಾನಾಗಿ ಫೋನ್ ಮಾಡಿದ್ದೇ ಇಲ್ಲವಲ್ಲ.

"ಏನಿಲ್ಲ. ಒಂದು ಕಡೆ ನಿನ್ನ ನಂಬರ್ ಕೊಟ್ಟಿದೀನಿ. ನಾಯಿ ಆಸ್ಪತ್ರೇಲಿ."

"ನಾಯಿ ಆಸ್ಪತ್ರೇಗೆ ನನ್ನ ನಂಬರ್ರಾ? ನಾನೇನು, ಮ್ಯಾನೇಜರಿಗೆ ಚಿಕ್ಕಮ್ಮನಾ?"

"ಮತ್ತಿನ್ನೇನು?"

ನಕ್ಕಳು. ನಾನೂ ನಕ್ಕೆ. ಆಮೇಲೆ ನಗು ಎಲ್ಲಿಗೋ ತಿರುಗಿ ಮೂಗು ಕಟ್ಟಿತು. ಅವಳಿಗೆ ಕೇಳಿಸಿತು.

"ಅಕ್ಕಾ, ಪಕ್ಕದ ಮನೆಯವರನ್ನಾದ್ರೂ ಕರೀಬಾರ್ದಾ? ಒಬ್ಬಳೇ ಯಾಕಿದೀಯ?"

"ಪಕ್ಕದ ಮನೇಲಿ ಯಾರೂ ಇಲ್ಲ ಕಣೇ. ಎರಡು ವರ್ಷ ಆಯ್ತು."

ಅವಳು ಲೆಕ್ಕ ಹಾಕುತ್ತಿದ್ದಾಳೆ ಅನ್ನಿಸಿತು. ಆ ಎರಡು ವರ್ಷದಲ್ಲಿ ಎಷ್ಟು ಊಟ ಅವರ ಜೊತೆ ಮಾಡಿಸಿದ್ದೆನೋ ನನಗೇ ಲೆಕ್ಕವಿಲ್ಲ. ಆಮೇಲೆ ಬಹಳ ಹೊತ್ತು ಮಾತಾಡಿದೆವು. ಏನೆಂದು ಬರೆಯುವುದಿಲ್ಲ, ಇದು ಮ್ಯಾನೇಜರನ ಪುಟ.

ಮಾರ್ಚ್ 17, ಸೋಮವಾರ

ಡ್ರಿಪ್ ಮೂರನೇ ದಿನ. ಮೂರು ಚಮಚ ಗಂಜಿ ತಿಂದನಂತೆ. ಹೊಟ್ಟೆಯಲ್ಲೇ ಉಳಿದಿದೆಯಂತೆ.

ಅಂಗಡಿಗೆ ದಪ್ಪ ಮೀಸೆಯ ಗಿರಾಕಿ ಒಬ್ಬ ಬಂದ. ಮೂಲೆಯ ಮಷೀನು ತೋರಿಸಿ ಎಷ್ಟು ವರ್ಷದ್ದು ಎಂದ. ಹನ್ನೊಂದು ಅಂದೆ. ಬೇರಿಂಗ್ ಸದ್ದು ಇದೆ, ಒಂದು ವರ್ಷ ಓಡಿದರೆ ಹೆಚ್ಚು ಅಂದೆ. ಮೆಕ್ಯಾನಿಕ್ಕಿನ ಕೈಯಿಂದ ಸ್ಪ್ಯಾನರ್ ಜಾರಿತು.

ಗಿರಾಕಿ ಮಷೀನನ್ನು ಎರಡು ಸುತ್ತು ಹಾಕಿದ. "ಇಷ್ಟೊಂದು ನಿಜ ಹೇಳ್ತಾರೆ ಅಂದ್ರೆ ಇದರಲ್ಲಿ ಏನೋ ದೊಡ್ಡ ಮೋಸ ಇದೆ" ಎಂದು ಹೊರಟುಹೋದ.

"ಅಮ್ಮಾ, ನಾಲ್ಕು ದಿನ ಅಂಗಡಿ ನಾನು ನೋಡ್ಕೊಳ್ಳಲಾ?" ಅಂದ ಮೆಕ್ಯಾನಿಕ್.

"ನೀನಾ? ಬಾಯೇ ಬಿಡಲ್ವಲ್ಲೋ ನೀನು."

"ಬಾಯಿ ಬಿಡದಿದ್ರೂ ಇವತ್ತಿಗಿಂತ ಚೆನ್ನಾಗೇ ವ್ಯಾಪಾರ ಆಗುತ್ತೆ."

ಮಾರ್ಚ್ 18, ಮಂಗಳವಾರ

ಮನೆಗೆ ಬಂದ.

ಡಾಕ್ಟರಮ್ಮ ಕೂರಿಸಿ ಹೇಳಿದರು. ಕಿಡ್ನಿ ಸರಿಹೋಗುವುದಿಲ್ಲ. ಉಳಿದಷ್ಟನ್ನು ಕಾಪಾಡಿಕೊಳ್ಳಬೇಕು. ಬೇರೆ ಊಟ, ಬೇಕಾದಷ್ಟು ನೀರು, ಎರಡು ದಿನಕ್ಕೊಮ್ಮೆ ಬೆನ್ನಿನ ಚರ್ಮದ ಕೆಳಗೆ ನೀರಿನ ಇಂಜೆಕ್ಷನ್. ಅದನ್ನು ಹಾಕುವುದು ನನಗೇ ಕಲಿಸುತ್ತಾರಂತೆ.

"ಎಷ್ಟು ದಿನ?" ಅಂದೆ.

"ತಿಂಗಳುಗಳು. ಚೆನ್ನಾಗಿ ನೋಡ್ಕೊಂಡ್ರೆ ವರ್ಷವೂ ಆಗಬಹುದು. ನಾನು ಕಮ್ಮಿ ಮಾಡಿಯೂ ಹೇಳ್ತಿಲ್ಲ, ಜಾಸ್ತಿ ಮಾಡಿಯೂ ಹೇಳ್ತಿಲ್ಲ."

ನಾನು ಚೌಕಾಸಿ ಮಾಡಲಿಲ್ಲ.

ಮಾರ್ಚ್ 21, ಶುಕ್ರವಾರ

ಬೆಳಿಗ್ಗೆ ಆರೂಮುಕ್ಕಾಲು, ಒಂದು ಸಲ, ಬಿಳಿ ನೊರೆ. ಡಾಕ್ಟರಮ್ಮನಿಗೆ ಫೋನ್ ಮಾಡಿ ಆಮೇಲೆ ಇಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಸಂಜೆಯ ಊಟ ತಡವಾಯಿತು, ತಪ್ಪು ನನ್ನದೇ ಎಂದೂ ಹೇಳಿದೆ. ಕುಡಿದ ನೀರು ಹೊಟ್ಟೆಯಲ್ಲಿ ನಿಂತಿದೆಯಾ, ಎದ್ದು ಓಡಾಡುತ್ತಿದ್ದಾನಾ, ಒಸಡು ಯಾವ ಬಣ್ಣ ಎಂದು ಒಂದೊಂದೇ ಕೇಳಿದರು. ಕೊಟ್ಟ ಮಾತ್ರೆಯಲ್ಲಿ ಅರ್ಧ ಕೊಡಿ, ಮತ್ತೆ ಆದರೆ ಕರೆದುಕೊಂಡು ಬನ್ನಿ ಅಂದರು.

ಮಧ್ಯಾಹ್ನದವರೆಗೆ ಮತ್ತೆ ಇಲ್ಲ. ಕೋಳಿ ಎರಡು ಚಮಚ ತಿಂದ. ಬಾಗಿಲಿಗೆ ಹೋಗಿ ಕೂತ. ಅವನಿಂದ ನಾಲ್ಕಡಿ ದೂರದಲ್ಲಿ ಸ್ಟೂಲ್ ಹಾಕಿಕೊಂಡು ನಾನೂ ಕೂತೆ. ಹಾಲಿನವನು "ಏನಮ್ಮಾ, ಇಬ್ಬಿಬ್ಬರು ಮ್ಯಾನೇಜರಾ ಇವತ್ತು?" ಅಂದ.

ಮಾರ್ಚ್ 22, ಶನಿವಾರ

ವಾಂತಿ ಇಲ್ಲ. ನೀರು ನಾಲ್ಕು ಬಟ್ಟಲು. ಊಟ ಐದು ಸಲ, ಎಲ್ಲ ಹೊಟ್ಟೆಯಲ್ಲೇ ಉಳಿದಿದೆ.

ತಂಗಿ ನಾಳೆ ಬೆಳಿಗ್ಗೆಯ ಬಸ್ಸಿಗೆ ಬರುತ್ತಾಳಂತೆ. ಎರಡು ದಿನ ಇರುತ್ತಾಳಂತೆ. ಸೂಜಿ ಹಾಕುವಾಗ ಅವನನ್ನು ಹಿಡಿದುಕೊಳ್ಳಲು ಒಬ್ಬರು ಬೇಕು ಎಂದು ನಾನೇ ಕೇಳಿದ್ದೆ. ಕೇಳಿದ್ದೇ ತಡ, ಹೂಂ ಅಂದುಬಿಟ್ಟಳು.

ಅಂಗಡಿ ಮುಚ್ಚಿ ಮೇಲೆ ಹೋಗಿ ಅಡುಗೆಮನೆ ನೋಡಿದೆ. ಕೆಳಗೆ ಹನ್ನೊಂದು ವಾಷಿಂಗ್ ಮಷೀನು, ಏಳು ಫ್ರಿಜ್ಜು ಇವೆ. ಮೇಲೆ ಊಟದ ತಟ್ಟೆ ಒಂದೇ. ಕಪಾಟಿನ ಹಿಂದೆ, ಮಂಚದ ಕೆಳಗೆ ಎಲ್ಲ ಹುಡುಕಿದೆ. ಇದ್ದದ್ದೇ ಒಂದು. ಯಾವಾಗಿನಿಂದ ಒಂದು ಎನ್ನುವುದು ನೆನಪಿಗೆ ಬರಲಿಲ್ಲ, ಅದನ್ನು ಎಲ್ಲಿಯೂ ಬರೆದಿಟ್ಟಿಲ್ಲ.

ಪಾತ್ರೆ ಅಂಗಡಿ ಎಂಟಕ್ಕೆ ಮುಚ್ಚುತ್ತದೆ. ಈಗ ಏಳೂವರೆ. ಮ್ಯಾನೇಜರ್ ಎದ್ದು ಮೆಟ್ಟಿಲ ಹತ್ತಿರ ನಿಂತಿದ್ದಾನೆ. ನಿಧಾನಕ್ಕೆ ನಡೆದರೂ ಇಬ್ಬರೂ ಹೋಗಿ ಬರಬಹುದು.